ಪಾಸ್‌ಪೋರ್ಟ್, ಒಸಿಐಗೆ ಮಗುವಿನ ಜನನ ಪ್ರಮಾಣಪತ್ರ: ಕ್ಯಾಲಿಫೋರ್ನಿಯಾದಲ್ಲಿ ಯಾವ ಕಚೇರಿ, ಯಾವ ಪ್ರತಿ?

ಪ್ರಶ್ನೆ: ನಾವಿರುವುದು ಫ್ರೀಮಾಂಟ್‌ನಲ್ಲಿ. ಎರಡು ತಿಂಗಳ ಹಿಂದೆ ಪಾಲೊ ಆಲ್ಟೊದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಪಾದದ ಗುರುತು ಒತ್ತಿದ ಚೆಂದದ ಒಂದು ಪತ್ರವನ್ನು ಆಸ್ಪತ್ರೆಯವರು ಕೊಟ್ಟಿದ್ದಾರೆ. ಅಮೆರಿಕನ್ ಪಾಸ್‌ಪೋರ್ಟ್‌ಗೆ, ಆಮೇಲೆ ಒಸಿಐಗೆ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡ್) ಅದು ಸಾಕೇ? ಸಾಲದಿದ್ದರೆ ಎಲ್ಲಿ ಕೇಳಬೇಕು, ಎಷ್ಟು ಪ್ರತಿ ತೆಗೆದುಕೊಳ್ಳಬೇಕು?

ಉತ್ತರ: ಸಾಲದು. ಪಾದದ ಗುರುತಿನ ಆ ಹಾಳೆ ಆಲ್ಬಮ್‌ಗೆ ಸರಿ, ಯಾವ ಕಚೇರಿಯೂ ಅದನ್ನು ದಾಖಲೆಯೆಂದು ಒಪ್ಪುವುದಿಲ್ಲ. ನಿಮಗೆ ಬೇಕಾದದ್ದು ಸರ್ಕಾರದ ಮೊಹರು, ರಿಜಿಸ್ಟ್ರಾರ್ ಸಹಿ ಮತ್ತು ನೋಂದಣಿಯಾದ ದಿನಾಂಕ ಇರುವ, ಭದ್ರತಾ ಕಾಗದದ ಮೇಲೆ ಮುದ್ರಿಸಿದ ದೃಢೀಕೃತ ಪ್ರತಿ. ಅದು ತಾನಾಗಿ ಮನೆಗೆ ಬರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಅಂಚೆಯಲ್ಲಿ ಬಂತಲ್ಲ, ಇದೂ ಬರುತ್ತದೆ ಎಂದು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಇದನ್ನು ಕೇಳಿ, ಹಣ ಕಟ್ಟಿಯೇ ಪಡೆಯಬೇಕು.

ಮೊದಲು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ವಿಚಾರ. ಇಲ್ಲಿ ಲೆಕ್ಕಕ್ಕೆ ಬರುವುದು ಹೆರಿಗೆಯಾದ ಊರು, ನಿಮ್ಮ ಮನೆಯ ವಿಳಾಸವಲ್ಲ. ಫ್ರೀಮಾಂಟ್ ಇರುವುದು ಅಲಮೇಡಾ ಕೌಂಟಿಯಲ್ಲಿ, ಪಾಲೊ ಆಲ್ಟೊ ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಆದ್ದರಿಂದ ನೀವು ಓಕ್‌ಲ್ಯಾಂಡ್‌ನ ಅಲಮೇಡಾ ಕೌಂಟಿ ಕಚೇರಿಯಲ್ಲಿ ಸಾಲು ನಿಂತರೆ ಪ್ರಯೋಜನವಿಲ್ಲ, ಸಾಂಟಾ ಕ್ಲಾರಾ ಕೌಂಟಿಯನ್ನೇ ಕೇಳಬೇಕು. ತಪ್ಪು ಕೌಂಟಿಗೆ ಅಂಚೆಯಲ್ಲಿ ಅರ್ಜಿ ಹಾಕಿದರೆ ನಷ್ಟ ಇನ್ನೂ ಹೆಚ್ಚು: ದಾಖಲೆ ಸಿಗದಿದ್ದರೂ ಶುಲ್ಕ ವಾಪಸಾಗುವುದಿಲ್ಲ, ಹುಡುಕಿದ ಕೂಲಿ ಎಂದು ಇಟ್ಟುಕೊಂಡು ‘ದಾಖಲೆ ಇಲ್ಲ’ ಎಂಬ ಪತ್ರ ಕಳಿಸುತ್ತಾರೆ. ಅವಸರಪಟ್ಟು ಹುಟ್ಟಿದ ವಾರದಲ್ಲೇ ಅರ್ಜಿ ಹಾಕಿದವರಿಗೂ ಇದೇ ಗತಿಯಾಗಬಹುದು. ಜನನವನ್ನು ಇಪ್ಪತ್ತೊಂದು ದಿನದೊಳಗೆ ನೋಂದಾಯಿಸಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ, ಆದರೆ ಅದು ಕೌಂಟರ್‌ನಲ್ಲಿ ಸಿಗುವ ಹೊತ್ತಿಗೆ ಇನ್ನಷ್ಟು ದಿನ ಹಿಡಿಯುತ್ತದೆ. ಎರಡು ತಿಂಗಳಾಗಿರುವ ನಿಮಗೆ ಆ ಚಿಂತೆ ಇಲ್ಲ.

ಕೌಂಟಿಯೊಳಗೂ ಎರಡು ಬಾಗಿಲುಗಳಿವೆ. ಹೆಚ್ಚಿನ ಕಡೆ ಈ ವರ್ಷದ ಮತ್ತು ಹಿಂದಿನ ವರ್ಷದ ಜನನಗಳ ಪ್ರತಿಯನ್ನು ಆರೋಗ್ಯ ಇಲಾಖೆ ಕೊಡುತ್ತದೆ, ಹಳೆಯವನ್ನು ಕ್ಲರ್ಕ್-ರೆಕಾರ್ಡರ್ ಕಚೇರಿ. ಕೆಲವು ಕೌಂಟಿಗಳಲ್ಲಿ ಹೊಸವೂ ರೆಕಾರ್ಡರ್ ಬಳಿ ಸಿಗುತ್ತವೆ. ಬರ್ಕ್ಲಿಯಂಥ ಕೆಲವು ನಗರಗಳಿಗೆ ತಮ್ಮದೇ ಆರೋಗ್ಯ ಇಲಾಖೆ ಇದೆ. ಹೊರಡುವ ಮುಂಚೆ ಕೌಂಟಿಯ ವೆಬ್‌ಸೈಟ್‌ನಲ್ಲಿ ನೋಡಿ: ಈ ವರ್ಷದ ದಾಖಲೆ ರೆಕಾರ್ಡರ್ ಬಳಿ ಸಿಗುವುದಾದರೆ ಅಲ್ಲಿಂದಲೇ ತೆಗೆದುಕೊಳ್ಳಿ.

ಹಾಗೆ ಹೇಳಲು ಕಾರಣ ಅಪೊಸ್ಟೀಲ್. ಭಾರತದ ಕಚೇರಿಯೊಂದರಲ್ಲಿ ಈ ಪತ್ರವನ್ನು ಬಳಸುವ ದಿನ ಬಂದರೆ ಅದಕ್ಕೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಪೊಸ್ಟೀಲ್ ಕೇಳುತ್ತಾರೆ. ಅಪೊಸ್ಟೀಲ್‌ಅನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಅಪೊಸ್ಟೀಲ್ ಎಂದರೆ ಪತ್ರದ ಮೇಲಿರುವ ಅಧಿಕಾರಿಯ ಸಹಿ ನಿಜ ಎಂಬ ದೃಢೀಕರಣ, ಅಷ್ಟೆ. ಕೌಂಟಿ ಕ್ಲರ್ಕ್, ರೆಕಾರ್ಡರ್ ಅಥವಾ ರಾಜ್ಯ ರಿಜಿಸ್ಟ್ರಾರ್ ಸಹಿಯಿದ್ದರೆ ನೇರವಾಗಿ ಹಾಕಿಕೊಡುತ್ತಾರೆ. ಆರೋಗ್ಯಾಧಿಕಾರಿಯ ಸಹಿಯಿದ್ದರೆ ಒಪ್ಪುವುದಿಲ್ಲ, ಆ ಸಹಿಯನ್ನು ಕೌಂಟಿ ಕ್ಲರ್ಕ್ ಮೊದಲು ದೃಢೀಕರಿಸಬೇಕು. ಮಗುವಿನ ಮೊದಲ ವರ್ಷದಲ್ಲಿ ಸುಲಭವಾಗಿ ಸಿಗುವುದು ಆರೋಗ್ಯಾಧಿಕಾರಿ ಸಹಿಯ ಪ್ರತಿಯೇ ಆದ್ದರಿಂದ ತುಂಬ ಜನ ಇಲ್ಲೇ ಎಡವುತ್ತಾರೆ. ಪತ್ರದಲ್ಲಿ ತಪ್ಪೇನೂ ಇರುವುದಿಲ್ಲ, ಪಾಸ್‌ಪೋರ್ಟ್‌ಗೆ ಧಾರಾಳವಾಗಿ ನಡೆಯುತ್ತದೆ, ಅಪೊಸ್ಟೀಲ್‌ಗೆ ಹೋದಾಗ ಮಾತ್ರ ಹಿಂದಕ್ಕೆ ಬರುತ್ತದೆ.

ಇನ್ನು ಪ್ರತಿಯ ಬಗೆ. ಅರ್ಜಿಯಲ್ಲಿ ‘ಆಥರೈಸ್ಡ್’, ‘ಇನ್‌ಫರ್ಮೇಷನಲ್’ ಎಂಬ ಎರಡು ಚೌಕಗಳಿರುತ್ತವೆ. ಗುರುತು ಹಾಕಬೇಕಾದದ್ದು ಮೊದಲನೆಯದಕ್ಕೆ. ಎರಡನೆಯದನ್ನು ಯಾರು ಬೇಕಾದರೂ ಪಡೆಯಬಹುದು, ಆದರೆ ಗುರುತು ಸ್ಥಾಪಿಸಲು ಇದು ಸಿಂಧುವಲ್ಲ ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಸೋಜಿಗವೆಂದರೆ ಶುಲ್ಕ ಎರಡಕ್ಕೂ ಒಂದೇ, ಪ್ರತಿಯೊಂದಕ್ಕೆ 30 ಡಾಲರ್ ಆಸುಪಾಸು.

ಆಥರೈಸ್ಡ್ ಪ್ರತಿಯನ್ನು ತಂದೆ, ತಾಯಿ, ಅಜ್ಜ, ಅಜ್ಜಿ, ಒಡಹುಟ್ಟಿದವರು ಮುಂತಾದ ಕಾನೂನು ಹೆಸರಿಸಿದವರಿಗಷ್ಟೇ ಕೊಡುತ್ತಾರೆ. ‘ನಾನು ಇಂಥವನು, ಸುಳ್ಳಾದರೆ ಶಿಕ್ಷೆಗೆ ಗುರಿ’ ಎಂಬ ಪ್ರಮಾಣ ಹೇಳಿಕೆಗೆ ಸಹಿ ಮಾಡಬೇಕು. ಖುದ್ದಾಗಿ ಹೋದರೆ ಗುರುತಿನ ಚೀಟಿ ತೋರಿಸಿ ಗುಮಾಸ್ತರ ಎದುರೇ ಸಹಿ ಹಾಕಿ, ಮನೆಯಲ್ಲೇ ಹಾಕಿಕೊಂಡು ಹೋಗಬೇಡಿ. ಅಂಚೆಯಲ್ಲಿ ಕಳಿಸುವುದಾದರೆ ಹೇಳಿಕೆಗೆ ನೋಟರಿ ಬೇಕು, ಅದಿಲ್ಲದ ಅರ್ಜಿ ಹಾಗೇ ಹಿಂದಿರುಗುತ್ತದೆ. ಈಗಾಗಲೇ ಬೆಂಗಳೂರಿಗೆ ವಾಪಸಾಗಿರುವವರು ಅಮೆರಿಕನ್ ಕಾನ್ಸುಲೇಟ್‌ನಲ್ಲಿ ನೋಟರಿ ಮಾಡಿಸಬಹುದು, ಆದರೆ ಒಂದೊಂದು ಮೊಹರಿಗೆ 50 ಡಾಲರ್ ತೆರಬೇಕು. ಇಲ್ಲಿರುವಾಗಲೇ ಪ್ರತಿಗಳನ್ನು ತೆಗೆದಿಟ್ಟುಕೊಳ್ಳುವುದು ಅಗ್ಗ. ಸ್ಯಾಕ್ರಮೆಂಟೊದ ರಾಜ್ಯ ಕಚೇರಿಯೂ ಪ್ರತಿ ಕೊಡುತ್ತದೆ, ಆದರೆ ಅಲ್ಲಿ ವಾರಗಟ್ಟಲೆ ಕಾಯಬೇಕು. ಕೌಂಟಿ ಕೌಂಟರ್‌ನಲ್ಲಿ ಎಷ್ಟೋ ಸಲ ಅದೇ ದಿನ ಕೈಗೆ ಸಿಗುತ್ತದೆ.

ಎಷ್ಟು ಪ್ರತಿ? ಮೂರು. ಪಾಸ್‌ಪೋರ್ಟ್‌ನ ಡಿಎಸ್-11 ಅರ್ಜಿಯೊಂದಿಗೆ ಮೂಲ ದೃಢೀಕೃತ ಪ್ರತಿಯನ್ನೇ ಕಳಿಸಬೇಕು, ಜೊತೆಗೆ ಅದರ ಜೆರಾಕ್ಸ್. ಮೂಲವನ್ನು ಹಿಂದಿರುಗಿಸುತ್ತಾರೆ, ಆದರೆ ಪಾಸ್‌ಪೋರ್ಟ್ ಬಂದ ಲಕೋಟೆಯಲ್ಲಲ್ಲ, ಬೇರೆಯಾಗಿ. ಎರಡನೆಯದು ಅಪೊಸ್ಟೀಲ್‌ಗೆ. ಮೂರನೆಯದು ಮನೆಯಲ್ಲಿರಲಿ. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ, ಉಬ್ಬು ಮೊಹರನ್ನು ಮುಟ್ಟಿ ನೋಡಲಾಗದ ಪತ್ರವನ್ನು ಕಚೇರಿಗಳು ಒಪ್ಪದೇ ಹೋಗಬಹುದು. ಅಪೊಸ್ಟೀಲ್ ಹಾಳೆಯ ಸ್ಟೇಪಲ್‌ಅನ್ನು ಸ್ಕ್ಯಾನ್ ಮಾಡಲೆಂದು ಕೀಳಲೂಬೇಡಿ, ಕಿತ್ತರೆ ಅದು ಕೆಟ್ಟಂತೆಯೇ.

ಕೌಂಟರ್ ಬಿಡುವ ಮುಂಚೆ ಪತ್ರವನ್ನು ಅಕ್ಷರಕ್ಷರ ಓದಿ. ಒಸಿಐ ಅರ್ಜಿ ನಿಲ್ಲುವುದು ಹೆಚ್ಚಾಗಿ ಅಪ್ಪ ಅಮ್ಮನ ಹೆಸರಿನಲ್ಲಿ. ಕನ್ನಡಿಗರ ಪಾಸ್‌ಪೋರ್ಟ್‌ಗಳಲ್ಲಿ ಊರು, ತಂದೆಯ ಹೆಸರು, ಸ್ವಂತ ಹೆಸರು ಎಲ್ಲ ಸೇರಿಕೊಂಡಿರುತ್ತವೆ, ಒಬ್ಬರದು ಇನಿಷಿಯಲ್‌ನಲ್ಲಿ ಇದ್ದರೆ ಇನ್ನೊಬ್ಬರದು ಬಿಡಿಸಿ ಬರೆದಿರುತ್ತದೆ. ಹೆರಿಗೆಯ ಮರುದಿನ ನಿದ್ದೆಗಣ್ಣಿನಲ್ಲಿ ತುಂಬಿದ ಆಸ್ಪತ್ರೆಯ ಫಾರ್ಮ್‌ನಲ್ಲಿ ‘ಕೆ. ಎಸ್.’ ಎಂದು ಬರೆದದ್ದು ಹಾಗೆಯೇ ದಾಖಲೆಗೆ ಹೋಗುತ್ತದೆ. ಇನ್ನೂ ಹೆರಿಗೆಯಾಗದವರಿಗೆ ಒಂದು ಮಾತು: ಆಸ್ಪತ್ರೆಯ ಚೀಲದಲ್ಲಿ ಇಬ್ಬರ ಪಾಸ್‌ಪೋರ್ಟ್‌ನ ಜೆರಾಕ್ಸ್ ಇಟ್ಟುಕೊಳ್ಳಿ, ಅದನ್ನು ನೋಡಿಕೊಂಡೇ ಫಾರ್ಮ್ ತುಂಬಿ. ತಾಯಿಯ ಕಾಲಂನಲ್ಲಿ ಮದುವೆಗೆ ಮುಂಚಿನ ಹೆಸರು ಇದ್ದರೆ ಅದು ತಪ್ಪಲ್ಲ, ಕ್ಯಾಲಿಫೋರ್ನಿಯಾ ಕೇಳುವುದೇ ಅದನ್ನು. ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿದ್ದರೆ ಮದುವೆ ಪ್ರಮಾಣಪತ್ರವನ್ನು ಜೊತೆಗಿಡಿ. ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ: 04/07 ಎಂದರೆ ಏಪ್ರಿಲ್ 7. ಒಸಿಐ ಅರ್ಜಿಗೆ ಅದನ್ನು ನೋಡಿ ಇಳಿಸುವಾಗ ಜುಲೈ 4 ಆಗಿಬಿಡುವುದು ಸುಲಭ.

ನಿಜವಾದ ತಪ್ಪಿದ್ದರೆ ಕೌಂಟಿ ಗುಮಾಸ್ತರು ತಿದ್ದಲಾರರು. ವಿಎಸ್ 24 ಎಂಬ ಅಫಿಡವಿಟ್‌ಅನ್ನು ವಿಷಯ ಬಲ್ಲ ಇಬ್ಬರ ಸಹಿಯೊಡನೆ ರಾಜ್ಯ ಕಚೇರಿಗೆ ಕಳಿಸಬೇಕು. ಮೂಲ ಹಾಳೆ ಮೊದಲಿನಂತೆಯೇ ಉಳಿದು, ತಿದ್ದುಪಡಿ ಎರಡನೆಯ ಪುಟವಾಗಿ ಸೇರುತ್ತದೆ. ಅಲ್ಲಿಂದ ಮುಂದೆ ನಿಮ್ಮ ಪತ್ರಕ್ಕೆ ಎರಡು ಪುಟ, ಎಲ್ಲಿ ಕೊಟ್ಟರೂ ಎರಡನ್ನೂ ಕೊಡಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಒಸಿಐ ಅರ್ಜಿಗೆ ಮೊದಲೇ ಇದನ್ನು ಮುಗಿಸಿಕೊಳ್ಳಿ. ಒಸಿಐಗೆ ಮಗುವಿನ ಅಮೆರಿಕನ್ ಪಾಸ್‌ಪೋರ್ಟ್ ಕೈಗೆ ಬಂದಿರಬೇಕು, ಹಾಗಾಗಿ ಮೊದಲು ಕೌಂಟಿ, ಆಮೇಲೆ ಪಾಸ್‌ಪೋರ್ಟ್, ಕೊನೆಗೆ ಒಸಿಐ ಅರ್ಜಿಗಳನ್ನು ತೆಗೆದುಕೊಳ್ಳುವ ವಿಎಫ್‌ಎಸ್ ಸಂಸ್ಥೆ. ಅಲ್ಲಿ ಕೇಳುವ ದಾಖಲೆಗಳ ಪಟ್ಟಿ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರದ ಪಟ್ಟಿಯನ್ನೇ ನೋಡಿಕೊಳ್ಳಿ.