ಅಂಚಿನಿಂದ ನಡುವಿಗೆ: ನಕ್ಷೆಯಿಲ್ಲದ ಹೊಲಿಗೆಯ ಟಿಪ್ಪಣಿ

ಮೊದಲೇ ಚಿತ್ರ ಬರೆದುಕೊಳ್ಳದೆ ಬಟ್ಟೆಯಲ್ಲಿ ಆಡಬೇಕು ಎನ್ನುವವರು ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಅದನ್ನು ಕವಂದಿ ಎನ್ನುತ್ತಾರೆ. ಅಡಿಗೆ ಹಳೆಯ ಸೀರೆ, ಮೇಲೆ ಉಟ್ಟು ಸವೆದ ಬಟ್ಟೆಯ ತುಂಡುಗಳು. ಒಂದು ಮೂಲೆಯಲ್ಲಿ ಹೊಲಿಗೆ ಹಿಡಿದು, ಅಂಚಿನಗುಂಟ ಸುತ್ತು ಬಂದು, ಸುತ್ತು ಸುತ್ತಾಗಿ ನಡುವಿಗೆ ಸರಿಯುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಸಿದ ತ್ರಿಕೋನದ ತುಂಡು: ಫೂಲ, ಅಂದರೆ ಹೂವು. ಅದಿಲ್ಲದ ಕೌದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ.

ಇದನ್ನು ‘ಮನಬಂದಂತೆ ಹೊಲಿಗೆ’ ಎಂದು ಬರೆದುಕೊಳ್ಳಬೇಡಿ. ಅಂಚು ಮೊದಲು, ನಡು ಆಮೇಲೆ, ಫೂಲ ಕಡೆಗೆ. ಇಷ್ಟು ಕಟ್ಟುಪಾಡು. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಕೈಗೆ ಸಿಕ್ಕ ತುಂಡಿಗೆ, ಹೊಲಿಯುವವಳ ಕಣ್ಣಿಗೆ ಬಿಟ್ಟದ್ದು. ಇದಕ್ಕೊಂದು ಕಾರಣವೂ ಇದೆ. ರನ್ನಿಂಗ್ ಸ್ಟಿಚ್, ಅಂದರೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆ, ಹಾಕುತ್ತ ಹೋದಂತೆ ಬಟ್ಟೆ ಸ್ವಲ್ಪ ಸ್ವಲ್ಪ ಎಳೆದುಕೊಳ್ಳುತ್ತದೆ, ಸುಕ್ಕಾಗುತ್ತದೆ. ಎಲ್ಲ ತುಂಡುಗಳನ್ನೂ ಮೊದಲೇ ಅಳೆದು ಕತ್ತರಿಸಿಟ್ಟರೆ ಮೂರನೆಯ ಸುತ್ತಿಗೇ ಲೆಕ್ಕ ತಪ್ಪುತ್ತದೆ. ಹೊಲಿದದ್ದನ್ನು ನೋಡಿಯೇ ಮುಂದಿನದನ್ನು ಆರಿಸಬೇಕು.

ಶಿಲ್ಪಿ ಮೃಣಾಲಿನಿ ಮುಖರ್ಜಿ (1949–2015) ಸೆಣಬಿನಂಥ ನಾರಿನ ಹಗ್ಗಗಳನ್ನು ಗಂಟು ಹಾಕಿ ಆಳೆತ್ತರದ ಶಿಲ್ಪ ಕಟ್ಟಿದ್ದೂ ಪೂರ್ವಚಿತ್ರ ಬರೆಯದೆ. ಅಲ್ಲಿ ಗಂಟೇ ಕಟ್ಟುಪಾಡು.

ಈಗ ನಮ್ಮ ಅಭ್ಯಾಸ. ಬೇಕಾದದ್ದು ಹಳೆಯ ಪಂಚೆಯ ತುಂಡು, ಅಳಲೆಕಾಯಿ ಪುಡಿ, ತುಕ್ಕು ಹಿಡಿದ ಮೊಳೆ, ವಿನೆಗರ್, ಒಂದು ಮದುವೆ ಕರೆಯೋಲೆ. ಅಳಲೆ ನೀರಿನಲ್ಲಿ ನೆನೆಸಿ ಒಣಗಿಸಿದ ಪಂಚೆ ತಿಳಿ ಹಳದಿಗೆ ಬರುತ್ತದೆ. ಅದರಲ್ಲಿ ಮೊಳೆ ಸುತ್ತಿ, ವಿನೆಗರ್ ಚಿಮುಕಿಸಿ ರಾತ್ರಿ ಬಿಟ್ಟರೆ, ಬೆಳಿಗ್ಗೆ ಬೂದು-ಕಪ್ಪು ಅಚ್ಚು. ಅಳಲೆಯ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆಗುವ ಬಣ್ಣ ಇದು. ನಿಂಬೆರಸ ತಾಗಿಸಿದಲ್ಲಿ ಮಸುಕಾಗುತ್ತದೆ, ಅಂದರೆ ನಿಂಬೆಯೂ ಕುಂಚವೇ. ಆದರೆ ಚೆನ್ನಾಗಿ ತೊಳೆಯಿರಿ. ಉಳಿದ ಕಬ್ಬಿಣ ವರ್ಷಗಳಲ್ಲಿ ಹತ್ತಿಯನ್ನು ತಿಂದುಹಾಕುತ್ತದೆ. ಅರಿಸಿನಕ್ಕೆ ಸೋಪು ತಾಗಿಸಿದರೆ ಬರುವ ಕೆಂಪನ್ನು ಮಾತ್ರ ನಂಬಬೇಡಿ. ನಾನು ನಂಬಿದೆ, ಜಾಲಿಸುತ್ತಿದ್ದಂತೆ ಮತ್ತೆ ಹಳದಿ.

ಕರೆಯೋಲೆಯ ಕಾಗದ ಇನ್ನೊಂದು ಪಾಠ ಕಲಿಸಿತು. ಬಟ್ಟೆಗೆ ಹೊಲಿದಂತೆ ಒತ್ತೊತ್ತಾಗಿ ಸೂಜಿ ಆಡಿಸಿದೆ. ತೂತುಗಳ ಸಾಲಿನಗುಂಟ ಅಂಚೆಚೀಟಿಯ ಹಾಗೆ ಹರಿದು, ಗಣಪತಿ ಒಂದು ಕಡೆ, ಮುಹೂರ್ತ ಒಂದು ಕಡೆ. ಕಾಗದದ ಹಿಂದೆ ತೆಳು ಮಲ್‌ಮಲ್ ಬಟ್ಟೆಯನ್ನು ಮೈದಾ ಅಂಟಿನಿಂದ ಮೆತ್ತಿ, ಒಣಗಿದ ಮೇಲೆ ಹೊಲಿಗೆಗಳ ನಡುವೆ ಅರ್ಧ ಬೆರಳಗಲ ಬಿಟ್ಟರೆ ನಿಲ್ಲುತ್ತದೆ. ಇಂಥ ತುಂಡನ್ನು ನೀರಿಗೆ ಹಾಕುವಂತಿಲ್ಲ, ಗೋಡೆಗೇ ಸರಿ.

ಹರಿದ ಎರಡು ಚೂರುಗಳ ನಡುವಿನ ಸಂದಿಗೆ ಇಳಕಲ್ ಸೀರೆಯ ಕೆಂಪು ದಡಿ ತುಂಬಿದೆ. ಮೂರು ಮೂಲೆಗೂ ಅದರದೇ ಫೂಲ. ನಾಲ್ಕನೆಯದಕ್ಕೆ ದಡಿ ಸಾಲಲಿಲ್ಲ. ಮೊಳೆ ಎತ್ತುವಾಗ ಕೈ ಒರೆಸಿಕೊಂಡ ಚಿಂದಿಯನ್ನೇ ಮಡಿಸಿ ಇಟ್ಟಿದ್ದೇನೆ, ಇನ್ನೂ ಹೊಲಿದಿಲ್ಲ.