ಸಾವಿನ ಅಂಜಿಕೆಗೆ ಬಸವಣ್ಣನವರ ಎರಡು ವಚನ

ಬಾಗಲಕೋಟೆಯ ನಮ್ಮ ವಚನ ಬಳಗದಲ್ಲಿ ಈ ಸಲ ಓದಬೇಕಾದವು ಎರಡೇ ವಚನ. ಮೊದಲನೆಯದು ಹೆಚ್ಚಿನವರಿಗೆ ಬಾಯಿಪಾಠ: ‘ನಾಳೆ ಬಪ್ಪುದು ನಮಗಿಂದೆ ಬರಲಿ, ಇಂದು ಬಪ್ಪುದು ನಮಗೀಗಲೆ ಬರಲಿ, ಇದಕಾರಂಜುವರು, ಇದಕಾರಳುಕುವರು?’ ಬಾಯಿಪಾಠ ಆಗಿರುವುದೇ ತೊಂದರೆ ಅನಿಸುತ್ತದೆ. ಜೋರಾಗಿ ಹೇಳಿದರೆ ಎದೆಗಾರಿಕೆಯ ಮಾತಿನಂತೆ ಕೇಳುತ್ತದೆ, ಅಂಜಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ನಿಧಾನವಾಗಿ ಓದಿ. ನಾಳೆಯದು ಇಂದಿಗೆ ಬಂತು, ಇಂದಿನದು ಈಗಲೇ ಬಂತು. ಅಂಜಿಕೆಗೆ ಬೇಕಾದದ್ದೇ ಆ ನಡುವಿನ ಹೊತ್ತು. ಯಾವಾಗಲೋ, ಹೇಗೋ ಅಂತ ಕಾಯುತ್ತಾ ಕೂತರೆ ಅದು ಜಾಸ್ತಿ ಆಗುತ್ತದೆ. ಬಸವಣ್ಣನವರು ಆ ಹೊತ್ತನ್ನೇ ತೆಗೆದುಬಿಡುತ್ತಾರೆ. ವಚನದಲ್ಲಿ ಮುಂದೆ ಬರುವ ‘ಜಾತಸ್ಯ ಮರಣಂ ಧ್ರುವಂ’, ಅಂದರೆ ಹುಟ್ಟಿದವನಿಗೆ ಸಾವು ಖಚಿತ ಅನ್ನುವುದು, ಗೀತೆಯ 2ನೇ ಅಧ್ಯಾಯದ 27ನೇ ಶ್ಲೋಕದ ಅರ್ಥವೇ.

ಒಂದು ಎಚ್ಚರ. ಸಾವಾದ ಮನೆಗೆ ಮಾತಾಡಿಸಲು ಹೋದಾಗ ಈ ವಚನ ಹೇಳಬೇಡಿ. ಇದು ನಮಗೆ ನಾವು ಹೇಳಿಕೊಳ್ಳುವಂಥದ್ದು, ಅಳುವವರನ್ನು ಸುಮ್ಮನಾಗಿಸಲು ಅಲ್ಲ.

ಎರಡನೆಯದು ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’. ನನ್ನ ಪ್ರಕಾರ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಇದರಲ್ಲಿ ಸಾವು ಬರುವುದು ಕೊನೆಗೆ. ಮೊದಲು ಕೂದಲು ನರೆಯುತ್ತದೆ, ಗಲ್ಲ ಸುಕ್ಕಾಗುತ್ತದೆ, ಹಲ್ಲು ಹೋಗುತ್ತವೆ, ಬೆನ್ನು ಬಾಗುತ್ತದೆ, ಕೈಗೆ ಕೋಲು ಬರುತ್ತದೆ. ನಡುವೆ ‘ಅನ್ಯರಿಗೆ ಹಂಗಾಗದ ಮುನ್ನ’ ಅಂತ ಬರುತ್ತದೆ. ಅಲ್ಲಿ ನಿಲ್ಲಿ. ‘ಸಾಯಾಕ ಅಂಜಿಕಿ ಇಲ್ಲಪಾ, ಹಾಸಿಗಿ ಹಿಡೀಬಾರ್ದು ಅಷ್ಟ’ ಅಂತ ಹಿರಿಯರು ಹೇಳ್ತಾರಲ್ವಾ, ಅದೇ ಇದು. ನಮ್ಮ ಅಂಜಿಕೆಯಲ್ಲಿ ಸಾವಿನ ಪಾಲೆಷ್ಟು, ಹಂಗಿನದೆಷ್ಟು, ನೋವಿನದೆಷ್ಟು, ಮಕ್ಕಳ ಚಿಂತೆಯದೆಷ್ಟು? ಒಂದು ಸಾಲು ಹಿಡಿದು ಹತ್ತು ನಿಮಿಷ ಕೂತು ಇವನ್ನು ಬಿಡಿಸಿ ನೋಡಿ. ಕೆಲವಕ್ಕೆ ಇವತ್ತೇ ದಾರಿ ಇದೆ: ಹೊಲದ ಕಾಗದಪತ್ರ ಸರಿ ಮಾಡಿಸುವುದು, ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಬರುವುದು. ನಮ್ಮ ಕೈ ಮೀರಿದ್ದಕ್ಕೆ ವಚನ ಹೇಳುವುದು ಒಂದೇ, ‘ಪೂಜಿಸು’.

ನಾಳೆಯದನ್ನು ಇಂದಿಗೆ ತರುವುದು ಹೇಗೆ ಅಂದರೆ, ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಕೊನೆಯ ಪತ್ರ ನೋಡಿ. ಅವರು ಲಿಂಗೈಕ್ಯರಾದದ್ದು 2023ರ ಜನವರಿ 2ರಂದು, ಪತ್ರ ಬರೆದಿಟ್ಟದ್ದು 2014ರಲ್ಲಿ. ದೇಹವನ್ನು ಮಣ್ಣಿಗಿಡದೆ ಅಗ್ನಿಗೆ ಕೊಡಬೇಕು, ಶ್ರಾದ್ಧದ ವಿಧಿಗಳು ಬೇಡ, ಬೂದಿಯನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಹೂಳುವ ರೂಢಿಯ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಭಕ್ತರು ಹಾಗೇ ನಡೆಸಿಕೊಟ್ಟರು.

ಆ ಪತ್ರ ಅಲ್ಲಮಪ್ರಭುಗಳ ಬಯಲಿನ, ಅಂದರೆ ಶೂನ್ಯದ, ವಚನದಿಂದ ಮುಗಿಯುತ್ತದೆ. ಅದನ್ನು ಈಗಲೇ ಹಿಡಿಯುವುದು ಬೇಡ. ಮೊದಲು ಈ ಎರಡನ್ನು ಓದಿಕೊಂಡು ಬನ್ನಿ.