ಗೋಡೆಯಾಚೆ ಕಾಣುವ ಅಂಗಡಿಗೆ ಸುತ್ತು ಹಾಕುವುದು ಯಾಕೆ?

ಮೈಸೂರಿನ ಸರಸ್ವತಿಪುರಂನಲ್ಲಿ ದಾರಿ ತಪ್ಪುವುದು ಕಷ್ಟ. ಒಂದು ಮೇನ್ ಅಗೆದು ಹಾಕಿದ್ದರೆ ಪಕ್ಕದ ಮೇನ್‌ಗೆ ಗಾಡಿ ತಿರುಗಿಸಿದರಾಯ್ತು. ಅದೇ ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಗೆ ಹೋಗಿ ನೋಡಿ. ರಸ್ತೆ ಅಗಲವಾಗಿದೆ, ಡಾಂಬರೂ ಚೆನ್ನಾಗಿದೆ. ಕೊನೆಯಲ್ಲಿ ಕಾಂಪೌಂಡ್ ಗೋಡೆ!

ಹಳೆ ಬಡಾವಣೆಗಳು ಹೀಗಿರಲಿಲ್ಲ. 1890ರ ದಶಕದ ಕೊನೆಗೆ ಮೈಸೂರಿಗೆ ಪ್ಲೇಗ್ ಬಂತು. ಅದಾದ ಮೇಲೆ 1903ರಲ್ಲಿ ಊರಿನ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಹುಟ್ಟಿತು. 1988ರಲ್ಲಿ ಅದರ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಅಲ್ಲಿಯವರೆಗಿನ ಬಡಾವಣೆಗಳು ಹೆಚ್ಚುಕಡಿಮೆ ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡೇ ಬೆಳೆದಿದ್ದವು.

ಸಿಕ್ಕು ಜಾಸ್ತಿಯಾಗಿದ್ದು ಆಮೇಲೆ. ಗೃಹ ನಿರ್ಮಾಣ ಸಹಕಾರ ಸಂಘಗಳು, ಖಾಸಗಿಯವರು ತಾವೇ ಜಮೀನು ಕೊಂಡು ಲೇಔಟ್ ಮಾಡತೊಡಗಿದರು. ಜಮೀನು ಕೊಟ್ಟವರ ಹೊಲದಲ್ಲಿ ಸೈಟು, ಕೊಡದವರ ಹೊಲದಲ್ಲಿ ರಾಗಿ. ಹಾಗಾಗಿ ಲೇಔಟಿನ ಆಕಾರ ಅಂದರೆ ಸರ್ವೆ ನಂಬರಿನ ಆಕಾರ. ರಸ್ತೆ ಬದುವಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷ ಬಿಟ್ಟು ಆ ರಾಗಿ ಹೊಲವೂ ಲೇಔಟ್ ಆಗುತ್ತದೆ. ಆದರೆ ಅದರ 30 ಅಡಿ ರಸ್ತೆ ನಮ್ಮ ರಸ್ತೆಗೆ ನೇರ ಬರಲ್ಲ, ಎದುರಿಗೆ ಯಾರದೋ ಅಡುಗೆಮನೆ ಇರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ನಕ್ಷೆ ಸರಿಯಾಗೇ ಇವೆ. ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಮಾತ್ರ ಯಾರ ಮೇಜಿಗೂ ಬಂದಂತಿಲ್ಲ. ರಸ್ತೆಯನ್ನು ಪಕ್ಕದ ರಸ್ತೆಗೆ ಸೇರುವಂತೆ ಎಳೆದರೆ ಒಂದೆರಡು ಸೈಟು ಕೈತಪ್ಪುತ್ತವೆ ಅನ್ನುವ ಲೆಕ್ಕವೂ ಇದೆ, ಅಲ್ವಾ?

ಕೊಳ್ಳುವವರಿಗೂ ಇದು ಇಷ್ಟವೇ. ಮುಂದೆ ದಾರಿಯಿಲ್ಲದ ರಸ್ತೆಯಲ್ಲಿ ಗಾಡಿಗಳ ಗದ್ದಲವಿಲ್ಲ, ಮಕ್ಕಳು ಕ್ರಿಕೆಟ್ ಆಡಬಹುದು. ನಾನೂ ಅದನ್ನೇ ನೋಡಿ ಸೈಟು ತಗೊಂಡವನು. ಬಸ್ಸು ಒಳಗೆ ಬಂದರೆ ಅದೇ ದಾರೀಲಿ ವಾಪಸ್ ಹೋಗಬೇಕು, ಅದಕ್ಕೆ ಬರುವುದೇ ಇಲ್ಲ ಅಂತ ತಿಳಿದದ್ದು ಮನೆ ಕಟ್ಟಿದ ಮೇಲೆ. ಹಾಲಿಗೂ ಸ್ಕೂಟರ್, ಟ್ಯೂಷನ್‌ಗೂ ಸ್ಕೂಟರ್. ಎಲ್ಲ ಸ್ಕೂಟರೂ ಸೇರುವುದು ರಿಂಗ್ ರಸ್ತೆಗೇ. ಅಲ್ಲಿ ದಟ್ಟಣೆ ಅಂತ ಗೊಣಗುವುದೂ ನಾವೇ.

ಈಚೆಗೆ ಊರಂಚಿನ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ ಪಟ್ಟಣ ಪಂಚಾಯಿತಿಗಳಾದವು. ಕಚೇರಿ ಮುಂದಿನ ಬೋರ್ಡು ಬದಲಾಯಿತು, ಗೋಡೆ ಹಾಗೇ ಇದೆ. ಈಗ ರಸ್ತೆ ಜೋಡಿಸಬೇಕೆಂದರೆ ಈಗಿನ ರೇಟಿಗೆ ಸೈಟು ಕೊಳ್ಳಬೇಕು, ಇಲ್ಲವೇ ಕಟ್ಟಿದ ಮನೆ ಕೆಡವಬೇಕು.

ನಮ್ಮ ರಸ್ತೆ ತುದಿಯ ಗೋಡೆಯಾಚೆ ದಿನಸಿ ಅಂಗಡಿಯಿದೆ. ತಾರಸಿಯಿಂದ ಅದರ ಬಾಳೆಗೊನೆ ಕಾಣುತ್ತದೆ. ಗೋಡೆಯಲ್ಲಿ ಯಾರೋ ಕಿಂಡಿ ಮಾಡಿದರು, ಯಾರೋ ಸಿಮೆಂಟ್ ಬಳಿದು ಮುಚ್ಚಿದರು, ಮತ್ತೆ ಒಡೆಯಿತು. ಈಗ ಈ ಕಡೆ ಎರಡು ಸೈಜುಗಲ್ಲು, ಆ ಕಡೆ ಎರಡು. ಬೆಳಿಗ್ಗೆ ಆರಕ್ಕೆ ಹಾಲಿನ ಚೀಲ ಹಿಡಿದವರು ಅಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹತ್ತಿ ಇಳಿಯುತ್ತಾರೆ.